ಸಂತೆಗಾಗಿ ಹುಟ್ಟಿದ ಊರು: ಇಂಗ್ಲೆಂಡಿನ ‘ಮಾರ್ಕೆಟ್ ಟೌನ್’ ಅಂದರೆ ಏನು?

ನಮ್ಮ ಅಕ್ಕನ ಮಗಳಿಗೆ ಇಂಗ್ಲೆಂಡಿನ ಬಾತ್‌ನಲ್ಲಿ ಕೆಲಸ ಸಿಕ್ಕಿತು. (ಖಾರಾಬಾತ್‌ನ ಬಾತ್ ಅಲ್ಲ, ಊರಿನ ಹೆಸರು.) ಅಲ್ಲಿ ಬಾಡಿಗೆ ಕೈಗೆಟುಕಲ್ಲ ಅಂತ ಇಪ್ಪತ್ತು ಕಿಲೋಮೀಟರ್ ಆಚೆಯ ಇನ್ನೊಂದು ಊರಲ್ಲಿ ಮನೆ ಹಿಡಿದಳು. ಮನೆಯವರ ವಾಟ್ಸಾಪ್ ಗುಂಪಿಗೆ ವಿಳಾಸ ಹಾಕಿದಾಗ ನಾವೆಲ್ಲ ಅದನ್ನು ‘ಫ್ರೋಮ್’ ಅಂತ ಓದಿದೆವು. ಅದು ಫ್ರೂಮ್ ಅಂತೆ. ಬರೆಯೋದು ಒಂದು, ಓದೋದು ಇನ್ನೊಂದು.

ಅಕ್ಕ ಕೇಳಿದ ಮೊದಲ ಪ್ರಶ್ನೆ: “ಅದು ಹಳ್ಳಿನಾ, ಸಿಟಿನಾ?”

“ಎರಡೂ ಅಲ್ಲಮ್ಮ, ಮಾರ್ಕೆಟ್ ಟೌನ್.”

“ಮಾರ್ಕೆಟ್ ಪಕ್ಕದಲ್ಲೇ ಮನೆ ಮಾಡಿದೀಯಾ? ಗಲಾಟೆ ಇರಲ್ವಾ?”

ನಗು ಬಂತು ನಿಜ, ಆದರೆ ಅಕ್ಕನ ಪ್ರಶ್ನೆ ದಡ್ಡ ಪ್ರಶ್ನೆ ಅಲ್ಲ. ಓದೋಕೆ, ಕೆಲಸಕ್ಕೆ ಅಂತ ಹೋದ ನಮ್ಮ ಮಕ್ಕಳು ಈಗ ಲಂಡನ್ನಿನಲ್ಲೇ ಇರ್ತಾರೆ ಅಂತೇನಿಲ್ಲ. ಇಂಥ ನೂರಾರು ಸಣ್ಣ ಊರುಗಳಲ್ಲಿ ಹಂಚಿಹೋಗಿದ್ದಾರೆ. ಆ ಊರುಗಳು ಯಾಕೆ ಹುಟ್ಟಿದವು, ಈಗ ಹೇಗೆ ನಡೀತಿವೆ ಅನ್ನೋದನ್ನು ಫ್ರೂಮ್ ಒಂದನ್ನೇ ಹಿಡಿದುಕೊಂಡು ಬಿಡಿಸಿ ಹೇಳ್ತೀನಿ.

ಹಳ್ಳಿ, ಟೌನ್, ಸಿಟಿ

ಮೊದಲು ಒಂದು ಗೊಂದಲ ಕಳೆಯೋಣ. ಇಂಗ್ಲೆಂಡಿನಲ್ಲಿ ಸಿಟಿ ಅಂದರೆ ದೊಡ್ಡ ಊರು ಅಂತ ಅರ್ಥ ಅಲ್ಲ. ಸಿಟಿ ಅನ್ನೋದು ರಾಜ ಅಥವಾ ರಾಣಿ ಕೊಡುವ ಬಿರುದು. ಹಿಂದೆ ದೊಡ್ಡ ಚರ್ಚು, ಅಂದರೆ ಬಿಷಪ್ಪರ ಪೀಠ ಇದ್ದ ಊರಿಗೆ ಆ ಹೆಸರು ಸಲ್ಲುತ್ತಿತ್ತು. ಫ್ರೂಮ್ ಇರೋದು ನೈಋತ್ಯ ಇಂಗ್ಲೆಂಡಿನ ಸಾಮರ್ಸೆಟ್ ಅನ್ನೋ ಕೌಂಟಿಯಲ್ಲಿ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಅಂದುಕೊಳ್ಳಿ. ಅದೇ ಕೌಂಟಿಯಲ್ಲಿ ವೆಲ್ಸ್ ಅಂತ ಒಂದು ಊರಿದೆ. ಫ್ರೂಮ್‌ನ ಅರ್ಧದಷ್ಟೂ ಜನ ಅಲ್ಲಿಲ್ಲ, ಆದರೂ ಅದು ಸಿಟಿ. ಅಲ್ಲೊಂದು ಕೆಥೆಡ್ರಲ್ ಇದೆಯಲ್ಲ, ಅದಕ್ಕೆ. 2021ರ ಜನಗಣತಿಯಲ್ಲಿ 28 ಸಾವಿರಕ್ಕೂ ಜಾಸ್ತಿ ಜನರಿದ್ದ ಫ್ರೂಮ್ ಮಾತ್ರ ಟೌನ್.

ಟೌನ್‌ಗಳಲ್ಲಿ ಮಾರ್ಕೆಟ್ ಟೌನ್ ಅಂದರೆ ಸಂತೆ ನಡೆಸುವ ಹಕ್ಕು ಪಡೆದಿದ್ದ ಊರು. ‘ಹಕ್ಕು’ ಅನ್ನೋ ಮಾತೇ ಇಲ್ಲಿ ಮುಖ್ಯ. ಯಾರು ಬೇಕಾದರೂ, ಎಲ್ಲಿ ಬೇಕಾದರೂ ಚಾಪೆ ಹಾಸಿ ಮಾರುವ ಹಾಗಿರಲಿಲ್ಲ. ರಾಜನಿಂದ ಸನದು ಬೇಕಿತ್ತು. ಸನದು ಪಡೆದ ಜಮೀನ್ದಾರನೋ ಮಠವೋ ಪ್ರತಿ ಅಂಗಡಿಯಿಂದ ನೆಲಬಾಡಿಗೆ, ಪ್ರತಿ ಗಾಡಿಯಿಂದ ಸುಂಕ ವಸೂಲಿ ಮಾಡುತ್ತಿತ್ತು. ಅಂದರೆ ಸಂತೆ ಒಂದು ಆಸ್ತಿ, ಹೊಲ ತೋಟದ ಹಾಗೆ.

ಹೆಸರುಗಳಲ್ಲೂ ಇದರ ಗುರುತಿದೆ. ನಮ್ಮಲ್ಲಿ ಸಂತೇಬೆನ್ನೂರು, ಸಂತೇಮರಹಳ್ಳಿ ಇರೋ ಹಾಗೆ ಅಲ್ಲಿ ಮಾರ್ಕೆಟ್ ಹಾರ್ಬರೋ, ಮಾರ್ಕೆಟ್ ಡ್ರೇಟನ್, ಚಿಪ್ಪಿಂಗ್ ನಾರ್ಟನ್. ಈ ‘ಚಿಪ್ಪಿಂಗ್’ ಅನ್ನೋದು ಹಳೇ ಇಂಗ್ಲಿಷಿನಲ್ಲಿ ವ್ಯಾಪಾರಕ್ಕಿದ್ದ ಮಾತಿನಿಂದ ಬಂದಿದ್ದು. ಫ್ರೂಮ್‌ನ ನಡುವೆ ಚೀಪ್ ಸ್ಟ್ರೀಟ್ ಅಂತ ಒಂದು ಕಿರಿದಾದ ಬೀದಿ ಇದೆ. ಅಗ್ಗದ ಬೀದಿ ಅಂತ ಅಲ್ಲ, ಅದೂ ಅದೇ ಮಾತು. ಪೇಟೆ ಬೀದಿ ಅಂದರೆ ಸರಿಹೋಗುತ್ತೆ. ಬೀದಿಯ ನಟ್ಟನಡುವೆ ಒಂದು ಸಣ್ಣ ನೀರಿನ ಕಾಲುವೆ ಹರಿಯುತ್ತೆ. ಚರ್ಚಿನ ಹತ್ತಿರದ ಒರತೆಯ ನೀರು ಅದು. ನಮ್ಮ ಹುಡುಗಿ ಕಳಿಸಿದ ಫೋಟೊಗಳಲ್ಲಿ ಅರ್ಧ ಅದರದ್ದೇ.

ಆರೂ ಮುಕ್ಕಾಲು ಮೈಲಿಯ ಲೆಕ್ಕ

ಇಂಗ್ಲೆಂಡಿನ ಭೂಪಟ ನೋಡಿ. ಈ ಊರುಗಳು ಯಾರೋ ಅಳತೆ ಹಿಡಿದು ರಂಗೋಲಿ ಚುಕ್ಕಿ ಇಟ್ಟ ಹಾಗೆ ಕಾಣ್ತವೆ. ಒಂದರಿಂದ ಇನ್ನೊಂದಕ್ಕೆ ಹತ್ತು, ಹದಿನೈದು ಕಿಲೋಮೀಟರ್. ಸುಮ್ನೆ ಆಗಿದ್ದಲ್ಲ.

13ನೇ ಶತಮಾನದ ಕಾನೂನು ಪಂಡಿತರು ಒಂದು ಲೆಕ್ಕ ಹಾಕಿದ್ದರು. ಒಬ್ಬ ಮನುಷ್ಯ ದಿನಕ್ಕೆ 20 ಮೈಲಿ ನಡೆಯಬಲ್ಲ. ಆ ದಿನವನ್ನು ಮೂರು ಪಾಲು ಮಾಡಿ. ಬೆಳಗಿನ ಪಾಲು ಸಂತೆಗೆ ಹೋಗೋಕೆ, ನಡುವಿನ ಪಾಲು ಕೊಳ್ಳೋಕೆ ಮಾರೋಕೆ, ಕೊನೆಯ ಪಾಲು ಕತ್ತಲಾಗುವ ಮೊದಲು ಮನೆ ಸೇರೋಕೆ. ಹಾಗಾದರೆ ಸಂತೆ ಎಷ್ಟು ದೂರ ಇರಬಹುದು? 20ರ ಮೂರನೇ ಒಂದು ಪಾಲು, ಅಂದರೆ ಆರೂ ಮುಕ್ಕಾಲಿಗೆ ಕೊಂಚ ಕಮ್ಮಿ. ನಮ್ಮ ಲೆಕ್ಕದಲ್ಲಿ 10.7 ಕಿಲೋಮೀಟರ್. ಅದಕ್ಕಿಂತ ಹತ್ತಿರದಲ್ಲಿ ಇನ್ನೊಬ್ಬ ಸಂತೆ ಶುರು ಮಾಡಿದರೆ ಮೊದಲಿನವನ ಹೊಟ್ಟೆ ಮೇಲೆ ಹೊಡೆದ ಹಾಗೆ, ಅವನು ಕೋರ್ಟಿಗೆ ಹೋಗಬಹುದು.

ತಮಾಷೆ ಏನು ಗೊತ್ತಾ? ಈ ಅಂತರ ಇನ್ನೂ ಪೂರ್ತಿ ಸತ್ತಿಲ್ಲ. ಹಳೇ ಸಂತೆ ಹಕ್ಕು ಇಟ್ಟುಕೊಂಡಿರುವ ಕೌನ್ಸಿಲ್‌ಗಳು (ನಮ್ಮ ಪುರಸಭೆಯಂಥವು), ಯಾರಾದರೂ ಮೈದಾನದಲ್ಲಿ ಕಾರಿನ ಡಿಕ್ಕಿ ತೆಗೆದು ಹಳೇ ಸಾಮಾನು ಮಾರುವ ಮೇಳ ಹಾಕಿದರೆ, ಇದೇ ಆರೂ ಮುಕ್ಕಾಲು ಮೈಲಿಯನ್ನು ತೋರಿಸಿ ತಡೆದಿದ್ದುಂಟು.

ಸಂತೆಗೆ ತನ್ನದೇ ಕೋರ್ಟೂ ಇರುತ್ತಿತ್ತು. ತೂಕದಲ್ಲಿ ಮೋಸ, ಕೊಟ್ಟ ಹಣದ ಜಗಳ, ಇವೆಲ್ಲ ಅಲ್ಲೇ, ಅವತ್ತೇ ತೀರ್ಮಾನ. ಊರೂರು ತಿರುಗುವ ವ್ಯಾಪಾರಿ ಮುಂದಿನ ವಾರ ಸಿಗ್ತಾನೋ ಇಲ್ವೋ ಯಾರಿಗೆ ಗೊತ್ತು? ಅದಕ್ಕೆ ಅದರ ಹೆಸರೇ ‘ಧೂಳು ಕಾಲಿನವರ ಕೋರ್ಟು’ ಅನ್ನೋ ಅರ್ಥದ ಒಂದು ಹಳೇ ಫ್ರೆಂಚ್ ಮಾತು.

ಉಣ್ಣೆ, ಕಂಚು, ಅಚ್ಚು

ಫ್ರೂಮ್‌ನ ಸಂತೆ ಹಳೆಯದು. 1086ರಲ್ಲಿ ವಿಲಿಯಂ ದೊರೆ ದೇಶದಲ್ಲಿ ಯಾರ ಹತ್ತಿರ ಏನಿದೆ ಅಂತ ಲೆಕ್ಕ ಬರೆಸಿದ. ಆ ದಫ್ತರದಲ್ಲೇ ಇದರ ಮಾತಿದೆ. ಆದರೆ ಊರು ಬೆಳೆದಿದ್ದು ಸೊಪ್ಪು ಸದೆ ಮಾರಿ ಅಲ್ಲ, ಉಣ್ಣೆ ಬಟ್ಟೆಯಿಂದ. ಸುತ್ತ ಕುರಿ ಮೇಯುವ ಗುಡ್ಡಗಳು, ಊರ ನಡುವೆ ಹೊಳೆ. ನೂಲೋರು, ನೇಯೋರು, ಬಣ್ಣ ಹಾಕೋರು ಎಲ್ಲ ಸೇರಿಕೊಂಡರು. ‘ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ’ ಅಂತ ನಾವು ಅರ್ಜೆಂಟ್ ಕೆಲಸಕ್ಕೆ ಬೈತೀವಲ್ಲ, ಇವರು ವರ್ಷಪೂರ್ತಿ ನೇಯ್ದವರು. 1720ರ ದಶಕದ ಒಂದು ಪ್ರವಾಸ ಕಥನದ ಪ್ರಕಾರ ಆಗ ಫ್ರೂಮ್‌ನಲ್ಲಿ ಬಾತ್‌ಗಿಂತ ಜಾಸ್ತಿ ಜನ ಇದ್ದಾರೆ ಅನ್ನೋದು ಜನರ ಮಾತಾಗಿತ್ತು. ಈಗ ಬಾತ್‌ನಲ್ಲಿ ಮನೆ ಸಿಗದವರು ಇಲ್ಲಿಗೆ ಬರ್ತಿದ್ದಾರೆ.

ಆಮೇಲೆ ಉತ್ತರದ ಯಾರ್ಕ್‌ಶೈರ್‌ನಲ್ಲಿ ಉಗಿಯಂತ್ರದ ದೊಡ್ಡ ಗಿರಣಿಗಳು ಬಂದವು. ಫ್ರೂಮ್‌ನ ಮಗ್ಗಗಳು ಅವುಗಳ ಮುಂದೆ ನಿಲ್ಲಲಿಲ್ಲ. 19ನೇ ಶತಮಾನ ಇಡೀ ನಿಧಾನಕ್ಕೆ ಒಣಗುತ್ತಾ ಬಂದು, 1960ರ ದಶಕದ ಹೊತ್ತಿಗೆ ಬಟ್ಟೆ ಕೆಲಸ ಮುಗಿದೇ ಹೋಯಿತು.

ಊರು ಸುಮ್ಮನೆ ಕೂರಲಿಲ್ಲ. ಗಡಿಯಾರದ ಕೆಲಸ ಮಾಡುತ್ತಿದ್ದ ಸಿಂಗರ್ ಎಂಬಾತ ಎರಕದ ಕಾರ್ಖಾನೆ ಹಾಕಿದ. ಲಂಡನ್ನಿಗೆ ಹೋದವರು ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಹತ್ತಿರ ರಥದ ಮೇಲೆ ನಿಂತ ಬೊಡಿಸಿಯಾ ರಾಣಿಯ ಕಂಚಿನ ಪ್ರತಿಮೆ ನೋಡಿರ್ತೀರಿ, ಓಲ್ಡ್ ಬೇಲಿ ಕೋರ್ಟಿನ ತಲೆ ಮೇಲೆ ತಕ್ಕಡಿ ಹಿಡಿದ ನ್ಯಾಯದೇವತೆಯನ್ನೂ ನೋಡಿರ್ತೀರಿ. ಎರಡೂ ಎರಕಗೊಂಡಿದ್ದು ಈ ಸಣ್ಣ ಊರಲ್ಲಿ. ಪುಸ್ತಕ ಅಚ್ಚು ಹಾಕುವ ದೊಡ್ಡ ಮುದ್ರಣಾಲಯವೂ ಇತ್ತು. ಅದು 2014ರಲ್ಲಿ ಬಾಗಿಲು ಹಾಕಿತು.

ದನದ ಸಂತೆ ಕೂಡ ಊರ ನಡುವಿನಿಂದ ಹೊರಗೆ, ಸ್ಟ್ಯಾಂಡರ್ವಿಕ್ ಅನ್ನೋ ಜಾಗಕ್ಕೆ ಹೋಯಿತು. ಇದಕ್ಕೆ ಕಾರಣ ಸರಳ. ರೈತ ಈಗ ದನ ಹೊಡೆದುಕೊಂಡು ಬರಲ್ಲ, ಲಾರಿಯಲ್ಲಿ ತರ್ತಾನೆ. ಲಾರಿ ತಿರುಗೋಕೆ ಹಳೇ ಬೀದಿಯಲ್ಲಿ ಜಾಗ ಇಲ್ಲ. ರೈತ ಆಚೆ ಹೋದ ಮೇಲೆ ಅವನ ಹಿಂದೆ ಬರುತ್ತಿದ್ದ ಊಟ, ಹಗ್ಗ, ಬೂಟು, ಬೀಜದ ವ್ಯಾಪಾರವೂ ಆಚೆಗೇ. ಚೀಸ್ ಮತ್ತು ಧಾನ್ಯ ತುಂಬಿಡೋಕೆ 1875ರಲ್ಲಿ ಕಟ್ಟಿದ ಗೋದಾಮು ಉಳಿಯಿತು, ‘ಚೀಸ್ ಆ್ಯಂಡ್ ಗ್ರೇನ್’ ಅನ್ನೋ ಅದೇ ಹೆಸರಲ್ಲಿ. ಈಗ ಅಲ್ಲಿ ಸಂಗೀತ ಕಛೇರಿ ನಡೆಯುತ್ತೆ. 2022ರ ಜೂನ್‌ನಲ್ಲಿ ಬೀಟಲ್ಸ್ ತಂಡದಲ್ಲಿದ್ದ ಗಾಯಕ ಪಾಲ್ ಮೆಕಾರ್ಟ್ನಿ, ಗ್ಲಾಸ್ಟನ್‌ಬರಿ ಸಂಗೀತ ಉತ್ಸವದ ಲಕ್ಷಾಂತರ ಜನರ ಮುಂದೆ ಹಾಡುವ ಹಿಂದಿನ ದಿನ, ಇಲ್ಲಿ ಕೆಲವೇ ನೂರು ಜನರಿಗೆ ಹಾಡಿದ.

ಪೇಟೆ ಬೀದಿ ಸೊರಗಿದ್ದು ಯಾಕೆ

ಬ್ರಿಟನ್ನಿನ ಪತ್ರಿಕೆ ತೆರೆದರೆ ‘ಹೈ ಸ್ಟ್ರೀಟ್ ಸಾಯ್ತಿದೆ’ ಅನ್ನೋ ಗೋಳು ಇದ್ದೇ ಇರುತ್ತೆ. ಹೈ ಸ್ಟ್ರೀಟ್ ಅಂದರೆ ಊರಿನ ಮುಖ್ಯ ಅಂಗಡಿ ಬೀದಿ. ಒಂದೇ ಕಾರಣ ಅಲ್ಲ. ಕಾರು ಬಂತು, ಊರಾಚೆ ದೊಡ್ಡ ಪಾರ್ಕಿಂಗ್ ಇರುವ ಸೂಪರ್ ಮಾರ್ಕೆಟ್ ಬಂತು, ಆಮೇಲೆ ಮೊಬೈಲಲ್ಲೇ ಕೊಳ್ಳೋದು ಬಂತು. ಬ್ಯಾಂಕುಗಳು 2015ರಿಂದ ಈಚೆಗೆ ದೇಶದಲ್ಲಿ 6,000ಕ್ಕೂ ಹೆಚ್ಚು ಶಾಖೆಗಳನ್ನು ಮುಚ್ಚಿವೆ. ಬ್ಯಾಂಕಿಗೆ ಬಂದವರು ಪಕ್ಕದ ಅಂಗಡಿಗೂ ಕಾಲಿಡ್ತಿದ್ದರು. ಬ್ಯಾಂಕ್ ಹೋದರೆ ಆ ಕಾಲೂ ಹೋಯಿತು.

ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಕಾರಣ ಇನ್ನೊಂದಿದೆ, ‘ಬಿಸಿನೆಸ್ ರೇಟ್ಸ್’ ಅನ್ನೋ ತೆರಿಗೆ. ಇದು ಲಾಭದ ಮೇಲಲ್ಲ, ಕಟ್ಟಡದ ಮೇಲೆ. ನಿಮ್ಮ ಅಂಗಡಿ ಜಾಗಕ್ಕೆ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದು ಅಂತ ಸರ್ಕಾರ ಅಂದಾಜು ಮಾಡಿ ಅದರ ಆಧಾರದಲ್ಲಿ ತೆರಿಗೆ ಹಾಕುತ್ತೆ. ವ್ಯಾಪಾರ ಆಗಲಿ ಬಿಡಲಿ, ಕಟ್ಟಬೇಕು. ಪೇಟೆ ನಡುವಿನ ಜಾಗಕ್ಕೆ ಬೆಲೆ ಜಾಸ್ತಿ, ಹೆದ್ದಾರಿ ಪಕ್ಕದ ಗೋದಾಮಿನಿಂದ ಆನ್‌ಲೈನಲ್ಲಿ ಮಾರುವವನ ಜಾಗಕ್ಕೆ ಬೆಲೆ ಕಮ್ಮಿ. ಯಾರಿಗೆ ಭಾರ ಅಂತ ನೀವೇ ನೋಡಿ.

ಇದೇ ತೆರಿಗೆಯಲ್ಲಿ ಎರಡು ವಿನಾಯಿತಿಗಳಿವೆ, ಅವು ಗೊತ್ತಾದರೆ ಇಂಗ್ಲೆಂಡಿನ ಯಾವ ಪೇಟೆ ಬೀದಿಯನ್ನಾದರೂ ಓದಬಹುದು. ಮೊದಲನೆಯದು, ನೋಂದಾಯಿತ ದತ್ತಿ ಸಂಸ್ಥೆಗಳಿಗೆ ಶೇಕಡ 80 ಮಾಫಿ. ಪ್ರತಿ ಊರಲ್ಲೂ ಜನ ಕೊಟ್ಟ ಹಳೇ ಬಟ್ಟೆ, ಪುಸ್ತಕ, ಪಿಂಗಾಣಿ ಮಾರುವ ‘ಚಾರಿಟಿ ಶಾಪ್’ ಸಾಲುಸಾಲಾಗಿ ಕಾಣೋದಕ್ಕೆ ಇದೊಂದು ದೊಡ್ಡ ಕಾರಣ. (ಹೊಸದಾಗಿ ಹೋದವರಿಗೆ ಚಳಿಗಾಲದ ಕೋಟು ಕೊಳ್ಳೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ, ನಾಚಿಕೆ ಬೇಡ.) ಎರಡನೆಯದು, ಅಂದಾಜು ವರ್ಷದ ಬಾಡಿಗೆ 12,000 ಪೌಂಡಿನ ಒಳಗಿರುವ ಪುಟ್ಟ ಅಂಗಡಿ, ಅದೂ ಒಂದೇ ಅಂಗಡಿ ಇರುವವನು, ಇಂಗ್ಲೆಂಡಿನಲ್ಲಿ ಈ ತೆರಿಗೆ ಕಟ್ಟಬೇಕಾಗಿಲ್ಲ.

ಈಗ ಫ್ರೂಮ್‌ನ ಕ್ಯಾಥರಿನ್ ಹಿಲ್ ನೋಡಿ. ಕಲ್ಲು ಹಾಸಿದ ಕಡಿದಾದ ಏರು ಬೀದಿ, ಎರಡೂ ಕಡೆ ಗೂಡಿನಂಥ ಹಳೇ ಅಂಗಡಿಗಳು. ದೊಡ್ಡ ಕಂಪನಿಗಳಿಗೆ ಇಂಥ ಜಾಗ ಬೇಡ. ಲಾರಿ ನಿಲ್ಲಲ್ಲ, ಒಳಗೆ ಕಪಾಟು ಹಿಡಿಸಲ್ಲ. ಒಂದು ಕಾಲಕ್ಕೆ ಇಲ್ಲಿ ಅಂಗಡಿಗಳು ಖಾಲಿ ಬಿದ್ದಿದ್ದವು. ಆದರೆ ಉಣ್ಣೆ ದಾರ, ಹಳೇ ಬಟ್ಟೆ, ಬ್ರೆಡ್ಡು ಮಾರುವ ಒಂಟಿ ಮನುಷ್ಯನಿಗೆ ಇಷ್ಟೇ ಸಾಕು. ಯಾರಿಗೂ ಬೇಡವಾಗಿದ್ದ ಬೀದಿ ಅದೇ ಕಾರಣಕ್ಕೆ ಉಳಿದು, ಈಗ ಅದನ್ನು ನೋಡೋಕೇ ಜನ ಬರ್ತಾರೆ. ಬುಧವಾರ, ಶನಿವಾರದ ಮಾಮೂಲಿ ಸಂತೆ ಇದ್ದೇ ಇದೆ. ಅದರ ಮೇಲೆ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ತಿಂಗಳ ಮೊದಲ ಭಾನುವಾರ ಬೀದಿಗಳಲ್ಲಿ ವಾಹನ ನಿಲ್ಲಿಸಿ ‘ಫ್ರೂಮ್ ಇಂಡಿಪೆಂಡೆಂಟ್’ ಅನ್ನೋ ದೊಡ್ಡ ಸಂತೆ ಕೂಡುತ್ತೆ.

ಕೌನ್ಸಿಲ್ ಅಂದರೆ ಯಾವ ಕೌನ್ಸಿಲ್?

ನಮ್ಮ ಹುಡುಗಿಗೆ ಮೊದಲ ತಿಂಗಳೇ ಕೌನ್ಸಿಲ್ ಟ್ಯಾಕ್ಸ್ ಬಿಲ್ಲು ಬಂತು. ಅಕ್ಕನಿಗೆ ಗಾಬರಿ: “ಮನೆ ಕಂದಾಯ ಮಾಲೀಕ ಕಟ್ಟಬೇಕು, ಇವಳು ಯಾಕೆ?” ಅಲ್ಲಿನ ಪದ್ಧತಿ ಹಾಗೆ. ಮನೆಯಲ್ಲಿ ವಾಸ ಇರುವವರು ಕಟ್ಟಬೇಕು, ಬಾಡಿಗೆಗಿದ್ದರೂ ಸರಿ. ರೂಮು ರೂಮಾಗಿ ಬಾಡಿಗೆ ಕೊಟ್ಟ ಕೆಲವು ಮನೆಗಳಲ್ಲಿ ಮಾಲೀಕನೇ ಕಟ್ತಾನೆ, ಇವಳು ಗೆಳತಿ ಜೊತೆ ಇಡೀ ಫ್ಲ್ಯಾಟಿಗೆ ಸಹಿ ಹಾಕಿದ್ದಳು. ಇಂಗ್ಲೆಂಡಿನಲ್ಲಿ ಮನೆಗಳನ್ನು ಎಂಟು ದರ್ಜೆ ಮಾಡಿದ್ದಾರೆ, ಅದೂ 1991ರಲ್ಲಿ ಆ ಮನೆಗೆ ಎಷ್ಟು ಬೆಲೆ ಇದ್ದಿರಬಹುದು ಅನ್ನೋ ಲೆಕ್ಕದಲ್ಲಿ. ಪೂರ್ತಿ ಸಮಯ ಓದುವ ವಿದ್ಯಾರ್ಥಿಗಳೇ ಇರುವ ಮನೆಗೆ ವಿನಾಯಿತಿ ಇದೆ.

ಬಿಲ್ಲಿನಲ್ಲಿ ಒಂದೇ ಮೊತ್ತ ಇರಲ್ಲ, ಸಾಲುಗಳಿರುತ್ತವೆ. ಪೊಲೀಸಿಗೆ ಇಷ್ಟು, ಅಗ್ನಿಶಾಮಕಕ್ಕೆ ಇಷ್ಟು. ದೊಡ್ಡ ಪಾಲು ಸಾಮರ್ಸೆಟ್ ಕೌನ್ಸಿಲ್‌ಗೆ. ರಸ್ತೆ, ಕಸ, ಮುದುಕರ ಆರೈಕೆ ಅದರ ಕೆಲಸ. 2023ರ ಏಪ್ರಿಲ್‌ವರೆಗೆ ಇಲ್ಲಿ ಮೇಲೆ ಕೌಂಟಿ ಕೌನ್ಸಿಲ್, ಕೆಳಗೆ ನಾಲ್ಕು ಡಿಸ್ಟ್ರಿಕ್ಟ್ ಕೌನ್ಸಿಲ್ ಇದ್ದವು, ಎಲ್ಲವನ್ನೂ ಕಲಸಿ ಒಂದು ಮಾಡಿದರು. ಅದೇ ವರ್ಷ ನವೆಂಬರ್‌ನಲ್ಲಿ ಆ ಹೊಸ ಕೌನ್ಸಿಲ್ ತನ್ನ ಹಣಕಾಸು ತುರ್ತು ಸ್ಥಿತಿಯಲ್ಲಿದೆ ಅಂತ ಘೋಷಿಸಿತು. ಬಿಲ್ಲಿನ ಕೊನೆಯ ಸಣ್ಣ ಸಾಲು ಟೌನ್ ಕೌನ್ಸಿಲ್‌ನದು. ಅದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಪಾರ್ಕು, ಬೆಂಚು, ಬೀದಿ ಹಬ್ಬ, ಸಂಘಗಳಿಗೆ ಸಹಾಯಧನ, ಇಂಥವು. ಕಾನೂನಿನಲ್ಲಿ ಅದು ಮಾಡಲೇಬೇಕಾದ ಕೆಲಸ ಕಮ್ಮಿ, ಮಾಡಬಹುದಾದ ಕೆಲಸ ಬಹಳ. ಇನ್ನೊಂದು ಸೂಕ್ಷ್ಮ: ದೊಡ್ಡ ಕೌನ್ಸಿಲ್‌ಗಳು ತೆರಿಗೆಯನ್ನು ಒಂದು ಮಿತಿ ಮೀರಿ ಏರಿಸಬೇಕಾದರೆ ಜನಮತ ಕೇಳಬೇಕು, ಟೌನ್ ಕೌನ್ಸಿಲ್‌ಗೆ ಆ ಮಿತಿ ಇಲ್ಲ. ದೊಡ್ಡವರು ಕೈಬಿಟ್ಟ ಕೆಲಸ ನಿಧಾನಕ್ಕೆ ಈ ಕೆಳಗಿನ ಮೆಟ್ಟಿಲಿಗೆ ಇಳಿದು ಬರ್ತಿರೋದು ಇದಕ್ಕೇ.

ಈ ಸಣ್ಣ ಮೆಟ್ಟಿಲಲ್ಲೇ ಫ್ರೂಮ್ ಸುದ್ದಿಯಾಗಿದ್ದು. 2011ರಲ್ಲಿ ಪಕ್ಷಗಳ ಜಗಳ ಸಾಕಾಗಿ ಕೆಲವರು ‘ಇಂಡಿಪೆಂಡೆಂಟ್ಸ್ ಫಾರ್ ಫ್ರೂಮ್’ ಅಂತ ಗುಂಪು ಕಟ್ಟಿ ಚುನಾವಣೆಗೆ ನಿಂತರು. 17ರಲ್ಲಿ 10 ಸ್ಥಾನ ಬಂತು. 2015ರಲ್ಲಿ 17ಕ್ಕೆ 17. 2019ರಲ್ಲೂ ಅಷ್ಟೇ. ಅವರಲ್ಲಿ ಪಕ್ಷದ ಆಜ್ಞೆ ಅನ್ನೋದಿಲ್ಲ. ಒಬ್ಬೊಬ್ಬರು ಒಂದೊಂದು ಕಡೆ ಮತ ಹಾಕಬಹುದು. ಸಭೆಗೆ ಬಂದ ಜನಸಾಮಾನ್ಯರು ಎದ್ದು ಮಾತಾಡಬಹುದು. ಇವರ ಕಾಲದಲ್ಲಿ ಆದ ಕೆಲಸ ನೋಡಿದರೆ ದೊಡ್ಡ ಯೋಜನೆಗಳಿಗಿಂತ ಸಣ್ಣವೇ ಕಣ್ಣಿಗೆ ಬೀಳ್ತವೆ. ಡ್ರಿಲ್ಲಿಂಗ್ ಮೆಷಿನ್ನು, ಡೇರೆ ಥರದವನ್ನು ಎರವಲು ಕೊಡುವ ‘ಸಾಮಾನುಗಳ ಲೈಬ್ರರಿ’. ಉಳಿದ ಒಳ್ಳೇ ತಿಂಡಿ ತಿನಿಸನ್ನು ಯಾರು ಬೇಕಾದರೂ ಇಟ್ಟು, ಯಾರು ಬೇಕಾದರೂ ಒಯ್ಯುವ ಊರಿನ ಫ್ರಿಜ್ಜು. ಇದು 2016ರಲ್ಲಿ ಶುರುವಾಯಿತು, ಬ್ರಿಟನ್ನಿನ ಇಂಥ ಮೊದಲ ಕೆಲವು ಫ್ರಿಜ್ಜುಗಳಲ್ಲಿ ಒಂದು.

ಒಂಟಿತನಕ್ಕೆ ಚೀಟಿ

2013ರಲ್ಲಿ ಊರಿನ ಡಾಕ್ಟರ್ ಹೆಲೆನ್ ಕಿಂಗ್‌ಸ್ಟನ್ ಮತ್ತು ಜೊತೆಗಾರರು ಒಂದು ಕೆಲಸ ಶುರು ಮಾಡಿದರು. ಮತ್ತೆ ಮತ್ತೆ ಬರುವ ಎಷ್ಟೋ ರೋಗಿಗಳಿಗೆ ಬೇಕಿದ್ದುದು ಮಾತ್ರೆ ಒಂದೇ ಅಲ್ಲ. ಗಂಡ ಸತ್ತು ಒಬ್ಬಳೇ ಇರುವ ಅಜ್ಜಿ, ಕಾಯಿಲೆಯ ಹೆಂಡತಿಯನ್ನು ನೋಡಿಕೊಂಡು ಮನೆ ಬಿಟ್ಟು ಬರದ ಗಂಡ, ಇಂಥವರನ್ನು ಯೋಚಿಸಿ. ಮೊದಲು ಊರಲ್ಲಿರುವ ಹಾಡಿನ ಗುಂಪು, ನಡಿಗೆ ಗುಂಪು, ಸಾಲದ ಸಲಹೆ ಕೊಡೋರು, ಎಲ್ಲರ ಪಟ್ಟಿ ಮಾಡಿದರು. ಆಮೇಲೆ ರೋಗಿಯನ್ನು ಅಲ್ಲಿಗೆ ಜೋಡಿಸೋಕೆ ಅಂತಲೇ ಜನರನ್ನು ಇಟ್ಟರು. ಕ್ಷೌರದವರು, ಟ್ಯಾಕ್ಸಿಯವರು, ಅಂಗಡಿಯವರು ಥರದ ನೂರಾರು ಊರವರಿಗೂ ‘ಇಂಥ ಕಷ್ಟಕ್ಕೆ ಇಲ್ಲಿಗೆ ಕಳಿಸಿ’ ಅಂತ ತರಬೇತಿ ಕೊಟ್ಟರು.

2018ರಲ್ಲಿ ಪ್ರಕಟವಾದ ಲೇಖನವೊಂದರ ಲೆಕ್ಕ ಹೀಗಿದೆ: 2013ರಿಂದ 2017ರ ನಡುವೆ ಫ್ರೂಮ್‌ನಿಂದ ತುರ್ತಾಗಿ ಆಸ್ಪತ್ರೆ ಸೇರಿದವರ ಸಂಖ್ಯೆ ಶೇಕಡ 14 ಇಳಿಯಿತು, ಅದೇ ಹೊತ್ತಲ್ಲಿ ಸಾಮರ್ಸೆಟ್ ಇಡೀ ಶೇಕಡ 28.5 ಏರಿತು. ಒಂದು ಎಚ್ಚರ. ಇದು ಔಷಧ ಪರೀಕ್ಷೆ ಮಾಡುವ ಹಾಗೆ ಎರಡು ಗುಂಪು ಮಾಡಿ ನೋಡಿದ್ದಲ್ಲ, ಒಂದೇ ಊರಿನ ಅನುಭವ. ಇಳಿದಿದ್ದೆಲ್ಲ ಇದರಿಂದಲೇ ಅಂತ ಹೇಳೋಕೆ ಬರಲ್ಲ. ಆದರೂ ಒಂದನ್ನು ಗಮನಿಸಿ. ಹಿಂದೆ ಸಂತೆಗೆ ಬಂದ ಅಜ್ಜಿ ತರಕಾರಿ ಜೊತೆ ನಾಲ್ಕು ಮಾತನ್ನೂ ಕಟ್ಟಿಕೊಂಡು ಹೋಗ್ತಿದ್ದಳು. ಮನೆಗೇ ಸಾಮಾನು ಬರೋ ಕಾಲದಲ್ಲಿ ಆ ಮಾತಿಗೆ ಬೇರೆ ಏರ್ಪಾಡು ಮಾಡಬೇಕಾಯಿತು.

ಊರು ಚೆನ್ನಾದರೆ ಬಾಡಿಗೆ?

ಏರುತ್ತೆ, ಇನ್ನೇನು. ಬಾತ್, ಬ್ರಿಸ್ಟಲ್‌ಗೆ ರೈಲಿದೆ. ಕೋವಿಡ್ ಆದಮೇಲೆ ಮನೆಯಿಂದಲೇ ಕೆಲಸ ಮಾಡುವವರು ಲಂಡನ್ನಿನ ಗೂಡು ಮಾರಿ ಇಂಥ ಊರಲ್ಲಿ ಹಿತ್ತಲಿರುವ ಮನೆ ಹುಡುಕಿದರು. ಅವರಿಗೆ ಇದು ಅಗ್ಗ. ಇಲ್ಲೇ ಹುಟ್ಟಿ, ಇಲ್ಲಿನ ಸಂಬಳ ಪಡೆಯೋನಿಗೆ ಅಲ್ಲ. ಕಾಫಿ ಅಂಗಡಿ, ಹುಳಿ ಬ್ರೆಡ್ಡಿನ ಬೇಕರಿ ಬಂದಾಗ ಖುಷಿಪಡೋರೂ ಇದ್ದಾರೆ, ‘ಇದು ನಮ್ಮೂರಲ್ಲ’ ಅನ್ನೋರೂ ಇದ್ದಾರೆ. ಎರಡೂ ನಿಜ. ಊರ ನಡುವೆ ಸ್ಯಾಕ್ಸನ್‌ವೇಲ್ ಅಂತ ಹಳೇ ಕಾರ್ಖಾನೆಗಳ ಸುಮಾರು ಹನ್ನೆರಡು ಎಕರೆ ಪಾಳು ಜಾಗ ಇದೆ. ಅಲ್ಲಿ ಮನೆ ಕಟ್ಟುವ ಬಿಲ್ಡರ್ ಯೋಜನೆ ಬರಬೇಕೋ, ಊರವರೇ ರೂಪಿಸಿದ ಯೋಜನೆ ಬರಬೇಕೋ ಅನ್ನೋ ಹಗ್ಗಜಗ್ಗಾಟ ವರ್ಷಗಟ್ಟಲೆ ನಡೆಯಿತು. ಉಣ್ಣೆ ಕಾಲದಲ್ಲಿ ನೇಕಾರರಿಗೆ ಕಟ್ಟಿದ ಟ್ರಿನಿಟಿ ಬಡಾವಣೆಯ ಕಥೆಯೂ ಇಂಥದ್ದೇ. 1960ರ ದಶಕದಲ್ಲಿ ಕೊಳಕು ಅಂತ ಒಂದಷ್ಟು ಮನೆ ಕೆಡವಿದರು, ಉಳಿದವನ್ನು ಆಮೇಲೆ ಬೆಲೆಬಾಳುವ ಹಳೇ ಮನೆಗಳು ಅಂತ ಕಾಪಾಡಿದರು.

ಮೊನ್ನೆ ಮೊದಲ ಭಾನುವಾರದ ಸಂತೆಯ ವಿಡಿಯೊ ಬಂತು. ಹಾಡು, ಚೀಸು, ಮಣ್ಣಿನ ಲೋಟ, ಹಳೇ ಕುರ್ಚಿ, ನಾಯಿಗಳು, ಮಕ್ಕಳು. ಅಕ್ಕ ಎರಡು ಸಲ ನೋಡಿ ಕೇಳಿದಳು, “ನೀನು ತರಕಾರಿ ತಗೊಂಡಿದ್ದು ಕಾಣಲಿಲ್ವಲ್ಲೇ?”

“ತರಕಾರಿ ನಿನ್ನೆನೇ ಸೂಪರ್ ಮಾರ್ಕೆಟ್‌ನಲ್ಲಿ ತಂದೆ ಅಮ್ಮ. ಇಲ್ಲಿಗೆ ಸುಮ್ನೆ ಬಂದೆ.”